ಕ್ಯಾಲ್ಸಿಯಂ ಕೇಳಿದರೆ ಹಳೇ ಮಾತ್ರೆಗಳ ಲೆಕ್ಕ ಕೇಳುವ ಬಸವನಗುಡಿಯ ಮೆಡಿಕಲ್ ಶಾಪ್

ಐದಕ್ಕೆ ನಾಲ್ಕು ಸ್ಟಾರ್.

ಗಾಂಧಿ ಬಜಾರ್ ಹತ್ತಿರದ ಒಂದು ಅಡ್ಡರಸ್ತೆಯ ಸಣ್ಣ ಅಂಗಡಿ ಇದು. ಬೋರ್ಡ್ ಮಾಸಿದೆ, ಎಸಿ ಇಲ್ಲ, ಮಳೆ ಬಂದರೆ ನಿಲ್ಲೋಕೂ ಜಾಗ ಸಾಲದು. ಸುತ್ತಮುತ್ತ ಥಳಥಳ ಹೊಳೆಯುವ ಚೈನ್ ಅಂಗಡಿಗಳಿವೆ, ಫೋನಿನಲ್ಲಿ ಒತ್ತಿದರೆ ಮನೆ ಬಾಗಿಲಿಗೇ ತಂದುಕೊಡುವ ಆಪ್‌ಗಳಿವೆ. ಆದರೂ ಅಮ್ಮನ ತಿಂಗಳ ಮಾತ್ರೆಗಳನ್ನು ನಾನು ಇಲ್ಲಿಂದಲೇ ತರುತ್ತೇನೆ. ಯಾಕೆಂದರೆ ಇಲ್ಲಿ ಕ್ಯಾಲ್ಸಿಯಂ, ಐರನ್, ಮೆಗ್ನೀಸಿಯಂ, ಜಿಂಕ್ ಏನು ಕೇಳಿದರೂ ಕೌಂಟರಿನಲ್ಲಿರುವ ಫಾರ್ಮಸಿಸ್ಟ್ ಹುಡುಗಿ ಮೊದಲು ಒಂದು ಮಾತು ಕೇಳುತ್ತಾರೆ: "ಬೇರೆ ಯಾವ ಮಾತ್ರೆ ನಡೀತಿದೆ?"

ಇದಕ್ಕೆ ಸಿಟ್ಟಾಗುವವರೂ ಇದ್ದಾರೆ. "ಕ್ಯಾಲ್ಸಿಯಂ ಕೇಳಿದ್ರೆ ಜಾತಕ ಕೇಳ್ತೀಯಲ್ಲಮ್ಮ" ಅಂತ ಒಬ್ಬರು ಹಿರಿಯರು ನನ್ನೆದುರೇ ಗೊಣಗಿದರು. ಅವರ ಮಾತೂ ಅರ್ಥವಾಗುತ್ತದೆ. ಡಾಕ್ಟರ ಚೀಟಿ ಇಲ್ಲದೆ ಸಿಗುವ ಮಾತ್ರೆಯನ್ನು ನಾವು ಮಾತ್ರೆ ಅಂತಲೇ ಎಣಿಸುವುದಿಲ್ಲ. ಆಸ್ಪತ್ರೆಯಲ್ಲಿ "ಏನೇನು ತಗೋತೀರ" ಅಂದರೆ ಬಿಪಿದು, ಶುಗರ್‌ದು, ಥೈರಾಯ್ಡ್‌ದು ಅಂತ ಹೇಳುತ್ತೇವೆ. ಅಡುಗೆಮನೆ ಶೆಲ್ಫಿನಲ್ಲಿ ಕೂತಿರುವ ಜಿಂಕ್ ಡಬ್ಬಿ ನೆನಪಿಗೇ ಬರುವುದಿಲ್ಲ. ಕೋವಿಡ್ ಟೈಮಿನಲ್ಲಿ ಶುರು ಮಾಡಿ ಇವತ್ತಿಗೂ ಬಿಡದವರು ಎಷ್ಟು ಜನ ಇದ್ದಾರೋ! ಜಿಂಕ್ ಜಾಸ್ತಿ ಪ್ರಮಾಣದಲ್ಲಿ ತಿಂಗಳುಗಟ್ಟಲೆ ಹೋದರೆ ಮೈಯಲ್ಲಿ ತಾಮ್ರದ ಅಂಶ ಕಮ್ಮಿಯಾಗುತ್ತದೆ ಅನ್ನುವುದು ಎಷ್ಟು ಜನಕ್ಕೆ ಗೊತ್ತು?

ಅಮ್ಮನ ವಿಷಯ ಹೇಳುತ್ತೇನೆ, ಯಾಕೆಂದರೆ ಈ ಅಂಗಡಿಯ ಬೆಲೆ ತಿಳಿದದ್ದು ಅಲ್ಲೇ. ಅಮ್ಮನಿಗೆ ಥೈರಾಯ್ಡ್ ಇದೆ, ಬಿಪಿ ಇದೆ. ಮೂಳೆ ಸವೆದಿದೆ ಅಂತ ಡಾಕ್ಟರು ಕ್ಯಾಲ್ಸಿಯಂ ಬರೆದರು. ಚೀಟಿಯಲ್ಲಿ ಇದ್ದದ್ದು "ದಿನಕ್ಕೆ ಒಂದು" ಅಂತ ಅಷ್ಟೇ. ನಮ್ಮ ಮನೆಗಳಲ್ಲಿ ದಿನಕ್ಕೆ ಒಂದು ಅಂದರೆ ಬೆಳಿಗ್ಗೆ ಅಂತಲೇ ಅರ್ಥ, ಅಲ್ವಾ? ಥೈರಾಯ್ಡ್ ಮಾತ್ರೆ ನುಂಗುವಾಗಲೇ ಪಕ್ಕದಲ್ಲಿ ಅದನ್ನೂ ನುಂಗಿದರೆ ಒಂದು ಕೆಲಸ ಮುಗಿಯಿತು. ಆ ಹುಡುಗಿ ಚೀಟಿ ನೋಡಿದರು. ಅಮ್ಮನ ಹಳೇ ಮಾತ್ರೆಗಳ ಹೆಸರು ಕೇಳಿದರು. ಆಮೇಲೆ ಸ್ಟ್ರಿಪ್ ಮೇಲೆ ಮಾರ್ಕರ್‌ನಲ್ಲಿ ದಪ್ಪಗೆ "ಮಧ್ಯಾಹ್ನ ಊಟ ಆದಮೇಲೆ" ಅಂತ ಬರೆದರು. "ಆಂಟಿ, ಥೈರಾಯ್ಡ್ ಮಾತ್ರೆಗೂ ಇದಕ್ಕೂ ಕನಿಷ್ಠ ನಾಲ್ಕು ಗಂಟೆ ಗ್ಯಾಪ್ ಇರ್ಲಿ. ಇಲ್ಲಾಂದ್ರೆ ಥೈರಾಯ್ಡ್ ಮಾತ್ರೆ ತಗೊಂಡೂ ಪೂರ್ತಿ ಪ್ರಯೋಜನ ಆಗಲ್ಲ" ಅಂದರು.

ಮನೆಗೆ ಬಂದು ಥೈರಾಯ್ಡ್ ಬಾಟಲಿಯ ಜೊತೆ ಬರುವ ಆ ಇರುವೆ ಅಕ್ಷರದ ಹಾಳೆಯನ್ನು ಬಿಡಿಸಿ ಓದಿದೆ. ಅದರಲ್ಲೂ ಇದೇ ಇದೆ. ಕ್ಯಾಲ್ಸಿಯಂ ಕಾರ್ಬೊನೇಟ್ ಮತ್ತು ಐರನ್ ಎರಡೂ ಹೊಟ್ಟೆಯೊಳಗೆ ಲೆವೊಥೈರಾಕ್ಸಿನ್ ಜೊತೆ, ಅಂದರೆ ಥೈರಾಯ್ಡ್ ಮಾತ್ರೆಯಲ್ಲಿರುವ ಔಷಧಿಯ ಜೊತೆ, ಅಂಟಿಕೊಳ್ಳುತ್ತವೆ. ಅಂಟಿಕೊಂಡದ್ದು ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ, ಹಾಗೇ ಹೊರಗೆ ಹೋಗುತ್ತದೆ. ಆಮೇಲೆ ಏನಾಗುತ್ತದೆ ನೋಡಿ. ಟಿಎಸ್ಎಚ್, ಅಂದರೆ ಥೈರಾಯ್ಡ್ ಸಾಲದಾದಾಗ ರಕ್ತ ಪರೀಕ್ಷೆಯಲ್ಲಿ ಮೇಲೆ ಹೋಗುವ ಅಂಕಿ, ಏರುತ್ತದೆ. ರಿಪೋರ್ಟ್ ನೋಡಿದ ಡಾಕ್ಟರು ಡೋಸ್ ಜಾಸ್ತಿ ಮಾಡುತ್ತಾರೆ, ಅವರ ತಪ್ಪೇನಿಲ್ಲ, ಅವರ ಕಣ್ಣಿಗೆ ಕಾಣುವುದು ಆ ಅಂಕಿ ಮಾತ್ರ. ಮುಂದೊಂದು ತಿಂಗಳು ಕ್ಯಾಲ್ಸಿಯಂ ಖಾಲಿಯಾಗಿ, ತರೋಣ ತರೋಣ ಅಂತ ಹಾಗೇ ಬಿಟ್ಟುಹೋದರೆ, ಅಷ್ಟೂ ಡೋಸ್ ಈಗ ಪೂರ್ತಿ ಮೈಗೆ ಹತ್ತುತ್ತದೆ. ಎದೆ ಡವಡವ, ಕೈ ನಡುಕ, ರಾತ್ರಿ ನಿದ್ದೆ ಇಲ್ಲ. ಹೃದಯದ ತೊಂದರೆ ಇರುವ ವಯಸ್ಸಾದವರಿಗೆ ಇದು ತಮಾಷೆಯಲ್ಲ. ಇಷ್ಟೆಲ್ಲಾ ತಪ್ಪಿಸಲು ಬೇಕಾದದ್ದು ಒಂದು ಮಾರ್ಕರ್ ಪೆನ್ನು.

ಅದೇ ಹುಡುಗಿ ಕಾಫಿ ವಿಷಯವನ್ನೂ ಎತ್ತಿದರು. ಅಮ್ಮನಿಗೆ ಬೇಜಾರಾಗಿದ್ದು ಅಲ್ಲೇ. ಥೈರಾಯ್ಡ್ ಮಾತ್ರೆ ಬರೀ ನೀರಿನಲ್ಲಿ, ಖಾಲಿ ಹೊಟ್ಟೆಯಲ್ಲಿ. ಆಮೇಲೆ ಅರ್ಧ ಗಂಟೆಯಿಂದ ಒಂದು ಗಂಟೆ ಏನೂ ಇಲ್ಲ, ಫಿಲ್ಟರ್ ಕಾಫಿಯೂ ಇಲ್ಲ. ಬಸವನಗುಡಿಯಲ್ಲಿ ಹುಟ್ಟಿ ಬೆಳೆದವರಿಗೆ ಬೆಳಿಗ್ಗೆ ಐದೂವರೆಗೆ ಎದ್ದು ಆರೂವರೆವರೆಗೆ ಡಿಕಾಕ್ಷನ್ ವಾಸನೆ ಕುಡಿಯುತ್ತಾ ಕೂರಬೇಕು ಅಂದರೆ ಶಿಕ್ಷೆಯೇ ಸರಿ. ಇನ್ನೊಂದು ಕಥೆ ಲಾಲ್‌ಬಾಗ್ ವಾಕಿಂಗ್‌ನವರದು. ಮಾತ್ರೆ ನುಂಗಿ ಮನೆ ಬಿಡುತ್ತಾರೆ, ಒಂದು ಸುತ್ತು ಹಾಕಿ ಗೇಟಿನ ಹೊರಗೆ ಹಾಲು ಹಾಕಿದ ರಾಗಿ ಮಾಲ್ಟ್ ಕುಡಿಯುತ್ತಾರೆ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ, ಮೇಲೆ ಹಾಲಿನದು ಬೇರೆ. ರಾಗಿ ಮಾಲ್ಟ್ ಬಿಡಿ ಅನ್ನುತ್ತಿಲ್ಲ, ಅಷ್ಟು ಒಳ್ಳೆಯದು ಈ ಊರಲ್ಲಿ ಬೇರೆ ಏನಿದೆ! ಸ್ವಲ್ಪ ತಡವಾಗಿ ಕುಡಿಯಿರಿ ಅಷ್ಟೇ.

ಸರಿ, ಇದು ಅಂತರ ಕೊಟ್ಟರೆ ಮುಗಿಯುವ ತೊಂದರೆ. ಇಂಥದ್ದೇ ಇನ್ನೂ ಕೆಲವು ಇವೆ. ಒಂದು ಸಂಜೆ ನನ್ನ ಮುಂದೆ ನಿಂತಿದ್ದವರು ಸಿಪ್ರೊಫ್ಲಾಕ್ಸಸಿನ್ ಅನ್ನುವ ಆ್ಯಂಟಿಬಯಾಟಿಕ್ ಜೊತೆಗೆ ಜಿಂಕ್ ಇರುವ ಬಿ ಕಾಂಪ್ಲೆಕ್ಸ್ ಮತ್ತು ಗ್ಯಾಸ್ ಸಿರಪ್ ತೆಗೆದುಕೊಳ್ಳುತ್ತಿದ್ದರು. ನಮ್ಮ ಊರಲ್ಲಿ ಜ್ವರಕ್ಕೋ ಇನ್ಫೆಕ್ಷನ್‌ಗೋ ಹೋದರೆ ಇದೇ ಸೆಟ್ಟು ಕೈಗೆ ಸಿಗುವುದು ಮಾಮೂಲಿ, ನಾವು ಊಟ ಮಾಡಿ ಒಂದು ಮುಷ್ಟಿ ಮಾತ್ರೆಯನ್ನು ಒಂದೇ ಗುಟುಕಿಗೆ ನುಂಗುವುದೂ ಮಾಮೂಲಿ. ಜಿಂಕ್, ಐರನ್, ಕ್ಯಾಲ್ಸಿಯಂ, ಗ್ಯಾಸ್ ಸಿರಪ್‌ನಲ್ಲಿರುವ ಮೆಗ್ನೀಸಿಯಂ, ಅಲ್ಯೂಮಿನಿಯಂ, ಇವೆಲ್ಲ ಸಿಪ್ರೊ ಜಾತಿಯ ಆ್ಯಂಟಿಬಯಾಟಿಕ್‌ಗೆ ಅಂಟಿಕೊಂಡು ಅದು ರಕ್ತಕ್ಕೆ ಹೋಗದ ಹಾಗೆ ಮಾಡುತ್ತವೆ. ಸಿಪ್ರೊ ಆದರೆ ಇವುಗಳಿಗಿಂತ ಎರಡು ಗಂಟೆ ಮುಂಚೆ ತಗೋಬೇಕು, ಇಲ್ಲವೇ ಇವು ಆದ ಆರು ಗಂಟೆ ಮೇಲೆ. ಅದೇ ಜಾತಿಯ ಲೆವೊಫ್ಲಾಕ್ಸಸಿನ್‌ಗೆ ಹಿಂದೆ ಮುಂದೆ ಎರಡೆರಡು ಗಂಟೆ ಬಿಟ್ಟರೆ ಸಾಕು. ಮೊಡವೆಗೆ ಬರೆಯುವ ಡಾಕ್ಸಿಸೈಕ್ಲಿನ್‌ಗೂ ಇದೇ ಗೋಳು, ಐರನ್ ಜೊತೆಗಂತೂ ಬೇಡವೇ ಬೇಡ. ಅಮಾಕ್ಸಿಸಿಲಿನ್‌ಗೆ ಈ ತಲೆನೋವಿಲ್ಲ. ಆ ಹುಡುಗಿ ಅವರಿಗೆ ಹೇಳಿದ್ದು ಮಾತ್ರ ಇನ್ನೂ ಸುಲಭವಾಗಿತ್ತು: "ಸಾರ್, ಐದು ದಿನ ಆ್ಯಂಟಿಬಯಾಟಿಕ್ ಮುಗಿಸ್ಬಿಡಿ, ಜಿಂಕ್ ಆಮೇಲೆ ಶುರು ಮಾಡ್ಬಹುದಾ ಅಂತ ಡಾಕ್ಟರಿಗೆ ಒಂದು ಫೋನ್ ಮಾಡಿ." ಒಂದು ಸ್ಟ್ರಿಪ್ ಕಮ್ಮಿ ಮಾರಿದಂತಾಯಿತು ಅಂಗಡಿಗೆ. ಇದನ್ನು ಗಮನಿಸಿ.

ವಾರಕ್ಕೊಂದು ಮೂಳೆ ಮಾತ್ರೆ ಇದೆಯಲ್ಲ, ಅಲೆಂಡ್ರೊನೇಟ್, ಅದಕ್ಕೂ ಬೆಳಿಗ್ಗೆ ಬರೀ ನೀರೇ ಬೇಕು. ನುಂಗಿದ ಮೇಲೆ ಅರ್ಧ ಗಂಟೆ ಮಲಗೋ ಹಾಗಿಲ್ಲ, ಆ ಅರ್ಧ ಗಂಟೆಯೊಳಗೆ ಕ್ಯಾಲ್ಸಿಯಂ ಮುಟ್ಟೋ ಹಾಗೂ ಇಲ್ಲ. ಎರಡೂ ಮೂಳೆಗೇ ತಾನೇ ಅಂತ ಒಟ್ಟಿಗೆ ನುಂಗಿದರೆ ಮೊದಲನೆಯದು ದಂಡ.

ಈಗ ಗ್ಯಾಪ್ ಕೊಟ್ಟರೂ ಬಗೆಹರಿಯದ ಜಾತಿ. ನನ್ನ ಲೆಕ್ಕದಲ್ಲಿ ಈ ಅಂಗಡಿಗೆ ಸ್ಟಾರ್ ಸಿಗಬೇಕಾದದ್ದು ಇದಕ್ಕೇ.

ಪೊಟ್ಯಾಶಿಯಂ ನೋಡಿ. ಟೆಲ್ಮಿಸಾರ್ಟನ್, ಲೊಸಾರ್ಟನ್, ರಾಮಿಪ್ರಿಲ್, ಎನಲಾಪ್ರಿಲ್ ಇವೆಲ್ಲ ಬಿಪಿ ಇಳಿಸುವ ಜೊತೆಗೆ ಮೈಯಲ್ಲಿ ಪೊಟ್ಯಾಶಿಯಂ ಉಳಿಸಿಕೊಳ್ಳುತ್ತವೆ. ಸ್ಪೈರೊನೊಲ್ಯಾಕ್ಟೋನ್ ಇನ್ನೂ ಜಾಸ್ತಿ ಉಳಿಸುತ್ತದೆ. ಇದರ ಮೇಲೆ ಪೊಟ್ಯಾಶಿಯಂ ಸಿರಪ್ಪೋ ಮಾತ್ರೆಯೋ ಸೇರಿದರೆ ರಕ್ತದಲ್ಲಿ ಮಟ್ಟ ಏರುತ್ತದೆ. ಜಾಸ್ತಿ ಏರಿದರೆ ಹೃದಯದ ಬಡಿತವೇ ತಪ್ಪಬಹುದು. ಬೆಳಿಗ್ಗೆ ಒಂದು ರಾತ್ರಿ ಒಂದು ತಗೊಂಡರೂ ಲೆಕ್ಕ ಅದೇ, ಯಾಕೆಂದರೆ ಜಗಳ ಹೊಟ್ಟೆಯಲ್ಲಿ ಅಲ್ಲ, ಕಿಡ್ನಿಯಲ್ಲಿ. ನಮ್ಮ ಬೀದಿಯವರೊಬ್ಬರು ಕಾಲು ಸೆಳೆತಕ್ಕೆ ಯಾರೋ ಹೇಳಿದರು ಅಂತ ಪೊಟ್ಯಾಶಿಯಂ ಸಿರಪ್ ಕೇಳಲು ಬಂದಿದ್ದರು. ಬಿಪಿ ಮಾತ್ರೆ ಯಾವುದು ಅಂತ ಕೇಳಿದ ಮೇಲೆ ಆ ಹುಡುಗಿ ಕೊಡಲಿಲ್ಲ. ರಕ್ತ ಪರೀಕ್ಷೆ ಮಾಡಿಸಿ, ಡಾಕ್ಟರು ಬರೆದುಕೊಟ್ಟರೆ ಬನ್ನಿ ಅಂದರು. ಅವರಿಗೆ ಕೋಪ ಬಂತು, ಬೇರೆ ಕಡೆ ಸಿಗುತ್ತದೆ ಅಂದರು. ಸಿಕ್ಕಿರಲೂಬಹುದು, ಬೆಂಗಳೂರಿನಲ್ಲಿ ಏನು ಸಿಗುವುದಿಲ್ಲ ಹೇಳಿ.

ಅಂಗಡಿಯ ಹಿರಿಯರು, ಅಂದರೆ ಮಾಲೀಕರು, ಪಕ್ಕದಿಂದ ಒಂದು ಮಾತು ಸೇರಿಸಿದರು. "ಸೋಡಿಯಂ ಕಮ್ಮಿ ಇರೋ ಉಪ್ಪು ತರ್ತೀರಲ್ಲ, ಅದ್ರಲ್ಲೂ ಅದೇ ಇರೋದು." ಪ್ಯಾಕೆಟ್ ತಿರುಗಿಸಿ ನೋಡಿ, ಪೊಟ್ಯಾಶಿಯಂ ಕ್ಲೋರೈಡ್ ಅಂತ ಇರುತ್ತದೆ. ಆರೋಗ್ಯವಾಗಿರುವ ಬಿಪಿಯವರಿಗೆ ಆ ಉಪ್ಪು ಒಳ್ಳೆಯದೇ ಇರಬಹುದು. ವಿಶ್ವ ಆರೋಗ್ಯ ಸಂಸ್ಥೆಯೂ 2025ರ ಜನವರಿಯಲ್ಲಿ ಅಂಥ ಉಪ್ಪಿನ ಬಗ್ಗೆ ಸಲಹೆ ಕೊಟ್ಟಿದೆ, ಆದರೆ ಕಿಡ್ನಿ ತೊಂದರೆ ಇರುವವರನ್ನು ಬಿಟ್ಟು. ಕಿಡ್ನಿ ಸ್ವಲ್ಪ ಸೋತಿದೆ, ಜೊತೆಗೆ ಮೇಲೆ ಹೇಳಿದ ಬಿಪಿ ಮಾತ್ರೆ ಇದೆ, ಆ ಉಪ್ಪೂ ಇದೆ, ಬಿಸಿಲಿಗೆ ದಿನಾ ಎರಡು ಎಳನೀರೂ ಇದೆ ಅಂದರೆ ಒಂದು ಸಲ ಪೊಟ್ಯಾಶಿಯಂ ಟೆಸ್ಟ್ ಮಾಡಿಸುವುದು ಒಳ್ಳೆಯದು. ಮೆಗ್ನೀಸಿಯಂ ಕೂಡ ಹಾಗೇ. ಕಿಡ್ನಿ ಸರಿಯಿಲ್ಲದಿದ್ದರೆ ಅದು ಹೊರಗೆ ಹೋಗದೆ ಮೈಯಲ್ಲೇ ಕೂರುತ್ತದೆ.

ಅಮ್ಮನ ಬಿಪಿ ಮಾತ್ರೆಯ ಹೆಸರಿನ ಕೊನೆಯಲ್ಲಿ ಒಂದು "ಎಚ್" ಇದೆ. ಅಲ್ಲಿವರೆಗೆ ನಾನು ಆ ಅಕ್ಷರವನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಸಾಮಾನ್ಯವಾಗಿ ಅದು ಹೈಡ್ರೊಕ್ಲೋರೊಥಯಾಜೈಡ್, ಮೂತ್ರ ಜಾಸ್ತಿ ಮಾಡಿಸುವ ಔಷಧಿ. ಇದು ಕ್ಯಾಲ್ಸಿಯಂ ಅನ್ನು ಮೂತ್ರದಲ್ಲಿ ಹೋಗಲು ಬಿಡುವುದಿಲ್ಲ, ಒಳಗೇ ಉಳಿಸುತ್ತದೆ. ಒಂದು ಮಾತ್ರೆ ಕ್ಯಾಲ್ಸಿಯಂಗೆ ಭಯ ಬೇಕಿಲ್ಲ, ಆದರೆ ಎರಡು ಮೂರು ಕಡೆಯಿಂದ ಕ್ಯಾಲ್ಸಿಯಂ, ಮೇಲೆ ವಿಟಮಿನ್ ಡಿ ಸೇರಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಬಹುದು. ಮಲಬದ್ಧತೆ, ಸುಸ್ತು, ಬಾಯಾರಿಕೆ, ಮಂಕು. ವಯಸ್ಸಾಯಿತು ಅಂತ ಸುಮ್ನೆ ತಳ್ಳಿಹಾಕುವಂಥ ಲಕ್ಷಣಗಳೇ ಎಲ್ಲ.

ಎರಡು ಮೂರು ಕಡೆಯಿಂದ ಹೇಗೆ ಸೇರುತ್ತದೆ ಅಂತೀರಾ? ಈ ಏರಿಯಾದ ಅರ್ಧ ಮನೆಗಳಲ್ಲಿ ಮಗನೋ ಮಗಳೋ ಅಮೆರಿಕಾದಲ್ಲಿದ್ದಾರೆ. ರಜೆಗೆ ಬರುವಾಗ ಅಲ್ಲಿನ ಕಾಸ್ಟ್‌ಕೋ ಅಂಗಡಿಯಿಂದ ಇಷ್ಟೆತ್ತರದ ಡಬ್ಬಿ ತರುತ್ತಾರೆ, ಅಪ್ಪ ಅಮ್ಮ ಪ್ರೀತಿಯಿಂದ ದಿನಾ ಎರಡೆರಡು ನುಂಗುತ್ತಾರೆ. ಇಲ್ಲಿನ ಡಾಕ್ಟರು ಬರೆದದ್ದು ಬೇರೆ. ನಾನು ನಮ್ಮ ಮನೆಯ ಅಂಥ ಒಂದು ಡಬ್ಬಿಯನ್ನು ಈ ಅಂಗಡಿಗೆ ಹೊತ್ತುಕೊಂಡು ಹೋದೆ. ತಮ್ಮಲ್ಲಿ ಕೊಂಡದ್ದಲ್ಲ ಅಂತ ಮುಖ ತಿರುಗಿಸಲಿಲ್ಲ. ಕನ್ನಡಕ ಏರಿಸಿ ಹಿಂದಿನ ಲೇಬಲ್ ಓದಿ, ಒಂದು ಸರ್ವಿಂಗ್ ಅಂದರೆ ಎರಡು ಮಾತ್ರೆ, ಅದರಲ್ಲಿ ಕ್ಯಾಲ್ಸಿಯಂ ಎಷ್ಟು, ಡಾಕ್ಟರು ಬರೆದ 500 ಸೇರಿದರೆ ಎಷ್ಟು, ಊಟದಲ್ಲಿ ಹೋಗುವುದು ಎಷ್ಟು ಅಂತ ಕೂಡಿಸಿ ತೋರಿಸಿದರು. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು ಊಟವೂ ಸೇರಿ 1000 ಮಿಲಿಗ್ರಾಂ ಆಸುಪಾಸು, ಮುಟ್ಟು ನಿಂತ ಹೆಂಗಸರಿಗೆ 1200. ಡಬ್ಬಿ ಈಗ ಅಟ್ಟದ ಮೇಲಿದೆ.

ಲೇಬಲ್ ಓದುವುದನ್ನು ನಾನು ಕಲಿತದ್ದೇ ಇಲ್ಲಿ. ಉದಾಹರಣೆಗೆ ಶೆಲ್ಕಾಲ್ 500 ಅಂದರೆ 500 ಮಿಲಿಗ್ರಾಂ ಕ್ಯಾಲ್ಸಿಯಂ. ಅದಕ್ಕೆ ಹಾಕಿರುವ ಕ್ಯಾಲ್ಸಿಯಂ ಕಾರ್ಬೊನೇಟ್ 1250 ಮಿಲಿಗ್ರಾಂ. ಒಂದೇ ಮಾತ್ರೆಗೆ ಎರಡು ಅಂಕಿ, ಎರಡೂ ನಿಜ. ಜಿಮ್‌ನವರು, ನಿದ್ದೆ ಬರದವರು ಈಗ ಹುಚ್ಚೆದ್ದು ಕೊಳ್ಳುವ ಮೆಗ್ನೀಸಿಯಂ ಗ್ಲೈಸಿನೇಟ್ ಡಬ್ಬಿಗಳಲ್ಲಿ ಕೆಲವು ಮುಂದೆ ದೊಡ್ಡ ಅಂಕಿ ಹಾಕಿ, ನಿಜವಾದ ಮೆಗ್ನೀಸಿಯಂ ಎಷ್ಟು ಅನ್ನುವುದನ್ನು ಹಿಂದೆ ಸಣ್ಣದಾಗಿ ಹಾಕುತ್ತವೆ. ಇಂಥ ಡಬ್ಬಿಗಳು ಆಹಾರ ಸುರಕ್ಷತಾ ಪ್ರಾಧಿಕಾರ ಎಫ್ಎಸ್ಎಸ್ಎಐ ಅಡಿಯಲ್ಲಿ ಆಹಾರದ ಸಾಲಿಗೆ ಬರುತ್ತವೆ, "ಔಷಧಿಯಾಗಿ ಬಳಸುವುದಕ್ಕಲ್ಲ" ಅಂತ ಇಂಗ್ಲಿಷಿನಲ್ಲಿ ಅಚ್ಚು ಹಾಕಿರುತ್ತಾರೆ. ಔಷಧಿ ಅಲ್ಲ ನಿಜ, ಆದರೆ ಔಷಧಿಯ ಜೊತೆ ಜಗಳ ಆಡಲು ಅದಕ್ಕೆ ಲೈಸೆನ್ಸ್ ಬೇಕಿಲ್ಲವಲ್ಲ!

ಗ್ಯಾಸ್ ಮಾತ್ರೆ ಬಗ್ಗೆ ಒಂದು ಮಾತು. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಈ ಊರಿನ ಪ್ರಸಾದವಾಗಿಬಿಟ್ಟಿದೆ. ವರ್ಷಗಟ್ಟಲೆ ತೆಗೆದುಕೊಂಡರೆ ಕೆಲವರಿಗೆ ಮೆಗ್ನೀಸಿಯಂ ಇಳಿಯುತ್ತದೆ, ಅಮೆರಿಕಾದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2011ರಲ್ಲೇ ಈ ಎಚ್ಚರಿಕೆ ಕೊಟ್ಟಿದೆ. ಹೊಟ್ಟೆಯಲ್ಲಿ ಆಮ್ಲ ಕಮ್ಮಿಯಾದರೆ ಐರನ್ನೂ ಸರಿಯಾಗಿ ಹತ್ತುವುದಿಲ್ಲ, ಕ್ಯಾಲ್ಸಿಯಂ ಕಾರ್ಬೊನೇಟೂ ಅಷ್ಟೇ. ಕ್ಯಾಲ್ಸಿಯಂ ಸಿಟ್ರೇಟ್‌ಗೆ ಆಮ್ಲದ ಹಂಗಿಲ್ಲ. ಬೆಲೆ ಮಾತ್ರ ಜಾಸ್ತಿ, ಮತ್ತು ಈ ಅಂಗಡಿಯಲ್ಲಿ ಸಿಟ್ರೇಟ್ ಎಷ್ಟೋ ಸಲ ಸ್ಟಾಕ್ ಇರುವುದಿಲ್ಲ. ಹೇಳಿಟ್ಟರೆ ತರಿಸಿಕೊಡುತ್ತಾರೆ.

ನನಗೆ ಐರನ್ ಮಾತ್ರೆ ಕೊಟ್ಟಾಗಲೂ ಸುಮ್ನೆ ಕಳಿಸಲಿಲ್ಲ. ಕಾಫಿ ಟೀ ಜೊತೆ ಬೇಡ, ಕ್ಯಾಲ್ಸಿಯಂ ಜೊತೆ ಬೇಡ, ನಿಂಬೆ ಶರಬತ್ತು ಪರವಾಗಿಲ್ಲ, ಮಲ ಕಪ್ಪಗಾದರೆ ಹೆದರಬೇಡಿ. ಕೊನೆಯದನ್ನು ಇಡೀ ಕ್ಯೂಗೆ ಕೇಳುವ ಹಾಗೆ ಹೇಳಿದರು.

ಹಾಗಾಗಿ ಈಗ ದೂರುಗಳು. ಮೊದಲನೆಯದು ಅದೇ. ಕೌಂಟರ್ ಒಂದೇ, ಎಲ್ಲರೆದುರೇ ಮಾತು. ನಿಮ್ಮ ಬಿಪಿ, ಪೈಲ್ಸ್, ಬಸಿರು ಎಲ್ಲ ಹಿಂದೆ ನಿಂತವರಿಗೂ ಗೊತ್ತಾಗುತ್ತದೆ. ಒಂದು ಪಕ್ಕಕ್ಕೆ ಎರಡು ಸ್ಟೂಲ್ ಹಾಕಿದರೆ ಏನು ಹೋಗುತ್ತದೆ? ಎರಡನೆಯದು, ಮಧ್ಯಾಹ್ನ ಆ ಹುಡುಗಿ ಊಟಕ್ಕೆ ಹೋದಾಗ ಕೂರುವ ಹೊಸ ಹುಡುಗ ಏನೂ ಕೇಳುವುದಿಲ್ಲ. ಕ್ಯಾಲ್ಸಿಯಂ ಅಂದರೆ ಕ್ಯಾಲ್ಸಿಯಂ ಕೊಟ್ಟು ಕ್ಯೂಆರ್ ತೋರಿಸುತ್ತಾನೆ. ಒಂದು ಸ್ಟಾರ್ ಹೋಗಿದ್ದು ಪೂರ್ತಿ ಇದಕ್ಕೆ. ರೋಗಿಗೆ ಮಾತ್ರೆ ಬಗ್ಗೆ ತಿಳಿಸಿ ಹೇಳುವುದು ಫಾರ್ಮಸಿಸ್ಟ್ ತೋರಿಸುವ ಔದಾರ್ಯ ಅಲ್ಲ, 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಗಳಲ್ಲೇ ಅದು ಅವರ ಕೆಲಸ ಅಂತ ಇದೆ. ಹಾಗಿದ್ದ ಮೇಲೆ ಅದಕ್ಕೆ ಊಟದ ಬಿಡುವು ಯಾಕೆ?

ಡಿಸ್ಕೌಂಟ್ ವಿಷಯದಲ್ಲಿ ಆಪ್‌ಗಳೇ ಮೇಲು, ಅದನ್ನು ಒಪ್ಪಬೇಕು. ಆದರೆ ನಾನು ಬಳಸುತ್ತಿದ್ದ ಒಂದು ಆಪ್‌ನಲ್ಲಿ ಥೈರಾಯ್ಡ್ ಮಾತ್ರೆ ಕಾರ್ಟಿಗೆ ಹಾಕಿದ ಕೂಡಲೇ "ಇದನ್ನೂ ಕೊಳ್ಳಿ" ಅಂತ ಕ್ಯಾಲ್ಸಿಯಂ ಮತ್ತು ಮಲ್ಟಿವಿಟಮಿನ್ ಬರುತ್ತಿತ್ತು. ಯಾವಾಗ ತಗೋಬೇಕು ಅನ್ನುವ ಒಂದು ಸಾಲು ಇಲ್ಲ. ಉಳಿಸಿದ ಹಣ ಇನ್ನೊಂದು ಟಿಎಸ್ಎಚ್ ಟೆಸ್ಟಿಗೆ ಹೋಗುತ್ತದೆ. ಬಿಪಿ ಮಾತ್ರೆಗೆ ದುಡ್ಡು ಜಾಸ್ತಿಯಾಗುತ್ತಿದ್ದರೆ ಜನೌಷಧಿ ಕೇಂದ್ರದಲ್ಲಿ ತಗೊಳ್ಳಿ ಅಂತ ಈ ಅಂಗಡಿಯ ಹಿರಿಯರೇ ಒಬ್ಬರಿಗೆ ಹೇಳಿದ್ದನ್ನು ಕೇಳಿದ್ದೇನೆ. ವ್ಯಾಪಾರ ಹೇಗೆ ನಡೆಸುತ್ತಾರೋ ದೇವರೇ ಬಲ್ಲ.

ಒಂದು ಮಾತು ಸ್ಪಷ್ಟವಾಗಿರಲಿ. ಇವರು ಡಾಕ್ಟರಲ್ಲ, ಹಾಗಂತ ನಟಿಸುವುದೂ ಇಲ್ಲ. ಡಾಕ್ಟರು ಬರೆದ ಮಾತ್ರೆಯನ್ನು ಬಿಡಿ ಅಂತ ಯಾರಿಗೂ ಹೇಳುವುದಿಲ್ಲ, ಅನುಮಾನ ಬಂದರೆ ಚೀಟಿಯ ಮೇಲಿರುವ ನಂಬರಿಗೆ ಫೋನ್ ಮಾಡಿಸುತ್ತಾರೆ. ಅಮ್ಮನ ಕ್ಯಾಲ್ಸಿಯಂ ಹೊತ್ತು ಬದಲಾಯಿಸಿದ ಮೇಲೂ, ಆರರಿಂದ ಎಂಟು ವಾರ ಬಿಟ್ಟು ಟಿಎಸ್ಎಚ್ ನೋಡಿಸಿ ಡಾಕ್ಟರಿಗೆ ತೋರಿಸಿ ಅಂತ ನೆನಪಿಸಿದ್ದು ಇವರೇ. ಯಾವುದಾದರೂ ಮಾತ್ರೆಯಿಂದ ಅಡ್ಡ ಪರಿಣಾಮ ಆಯಿತು ಅನಿಸಿದರೆ ವರದಿ ಮಾಡಲು ಸರ್ಕಾರದ ಉಚಿತ ನಂಬರ್ 1800-180-3024 ಇದೆ, ಅದನ್ನೂ ಒಂದು ರಟ್ಟಿನ ಮೇಲೆ ಬರೆದು ಕೌಂಟರ್ ಗಾಜಿಗೆ ಅಂಟಿಸಿದ್ದಾರೆ.

ಹೋಗುವವರಿಗೆ: ಕಾರ್ ತರಬೇಡಿ, ಗಾಂಧಿ ಬಜಾರ್ ಕಡೆ ಪಾರ್ಕಿಂಗ್ ಹುಡುಕುವಷ್ಟರಲ್ಲಿ ಬಿಪಿ ಮಾತ್ರೆ ಇನ್ನೊಂದು ಬೇಕಾಗುತ್ತದೆ. ಬೆಳಿಗ್ಗೆ ಹತ್ತು ಹನ್ನೊಂದರ ಹೊತ್ತಿಗೆ ಹೋಗಿ, ಸಂಜೆ ಏಳರ ಮೇಲೆ ಕ್ಯೂ ಜಾಸ್ತಿ, ಭಾನುವಾರ ಮಧ್ಯಾಹ್ನ ಮುಚ್ಚಿರುತ್ತದೆ. ಮನೆಯಲ್ಲಿರುವ ಎಲ್ಲ ಸ್ಟ್ರಿಪ್ಪು, ಡಬ್ಬಿ, ಸಿರಪ್ಪಿನ ಫೋಟೊ ತೆಗೆದುಕೊಂಡು ಹೋಗಿ, ಹಿಂಬದಿಯದೂ ಇರಲಿ. ಹುಡುಗ ಕೂತಿದ್ದರೆ "ಮೇಡಂ ಯಾವಾಗ ಬರ್ತಾರೆ" ಅಂತ ಕೇಳಿ, ಪಕ್ಕದಲ್ಲೇ ಒಂದು ಕಾಫಿ ಕುಡಿದು ಬನ್ನಿ. ಥೈರಾಯ್ಡ್ ಮಾತ್ರೆ ನುಂಗಿ ಒಂದು ಗಂಟೆ ಆಗಿದ್ದರೆ ಮಾತ್ರ.